ಒಂದಗುಳು

ನಾನು ಹೋದದ್ದು ಪೂರ್ವಜರನ್ನು ಹುಡುಕಲಿಕ್ಕಲ್ಲ.
ತೈನಾನಿನ ಪೂರ್ವಕ್ಕೆ, ಬೂದಿಬಣ್ಣದ ಬೋಳುಗುಡ್ಡದ ಬುಡದಲ್ಲಿ
ಯಾರ ಹೆಸರಿಗೂ ಆಗದೆ ಉಳಿದ ಬಿದಿರುಮೆಳೆಯೊಂದಿದೆ,
ಎಮ್ಮೆ ಮಲಗಿದರೆ ಮುಗಿದುಹೋಗುವಷ್ಟು ಜಾಗ.
ವಾರಸುದಾರರು ಹದಿನೇಳು ಮಂದಿ, ಸತ್ತವರೂ ಸೇರಿ.
ಎಲ್ಲರನ್ನೂ ತೋರಿಸಿ, ಎಂದಿತು ಕಚೇರಿ.

ಟೋಕನ್ ನಂಬರ್ ನಲವತ್ತಾರು.
ಗಾಜಿನಾಚೆಯ ಹುಡುಗಿಯ ಉಗುರಿಗೆ ನೇರಳೆ ಬಣ್ಣ.
ಜಪಾನಿಯರ ಕಾಲದ್ದು ಬೇಕಾ, ಎಂದಳು,
ಹಳೆ ಅಕ್ಕಿ ಬೇಕಾ ಎನ್ನುವ ಅಂಗಡಿಯವಳ ಹಾಗೆ.
ಹಾಳೆಗೆ ಹದಿನೈದು ಡಾಲರು.
ಯಂತ್ರದಿಂದ ಬಿಸಿಬಿಸಿಯಾಗಿ ಬಂದವು ಐದು.

ಕುಂಚದ ಬರಹ, ಮೇಲಿಂದ ಕೆಳಕ್ಕೆ ಇಳಿಬಿಟ್ಟ ಬಳ್ಳಿ.
ಸತ್ತವರ ಮೇಲೊಂದು ಗೀಟು,
ಮದುವೆಯಾಗಿ ಹೋದವರ ಮೇಲೂ ಅದೇ ಗೀಟು.
ಮುತ್ತಜ್ಜನ ಅಪ್ಪ: ಅಫೀಮು ಸೇದುವವ.
(ಮನೆಯಲ್ಲಿ ಹೇಳುತ್ತಿದ್ದದ್ದು, ಕೆಮ್ಮಿನಿಂದ ಹೋದ.)
ಅವನ ಹೆಂಡತಿ: ಕಾಲು ಕಟ್ಟಿದೆ.
ಕೊನೆಗೆ, ಅಂಚಿಗೆ ಒತ್ತಿಕೊಂಡು, ಸೊಸೆ ಮಾಡಿಕೊಳ್ಳಲೆಂದು
ಏಳನೇ ವರ್ಷಕ್ಕೆ ತಂದು ಸಾಕಿದ ಹುಡುಗಿ,
ಫುವಾ ಬೋಂಗ್-ಯೋ.
ಬೋಂಗ್-ಯೋ ಎಂದರೆ ‘ಹೇಗೋ ಸಾಕಿಕೊಳ್ಳಿ’ ಎಂದು;
ಗಂಡು ಬೇಕಿದ್ದ ಮನೆ ಹೆಣ್ಣಿಗಿಡುವ ಹೆಸರು.
ಫುವಾ ಎಂಬ ಅಕ್ಷರ ಬಿಡಿಸಿದರೆ ಎಡಕ್ಕೆ ನೀರಿನ ಮೂರು ಹನಿ,
ಬಲಕ್ಕೆ ಕಾಡುಜನರೆಂಬ ಬೈಗುಳ.
ಯಾರೋ ನೀರು ಚಿಮುಕಿಸಿ ಮನೆತನ ಮಾಡಿಕೊಟ್ಟಿದ್ದರು.
ಸಿಡುಬಿನ ಲಸಿಕೆ: ಆಗಿದೆ.
ಕಾಲಿನ ಚೌಕ ಖಾಲಿ.
ಕುಲದ ಚೌಕದಲ್ಲಿ ಒಂದೇ ಅಕ್ಷರ:
ಬೆಂದ.

ಹುಡುಗಿ ಪೆನ್ಸಿಲಿನ ಹಿಂತುದಿಯಿಂದ ತೋರಿಸಿದಳು.
ಬೆಟ್ಟದಲ್ಲಿ ಉಳಿದವರು ಹಸಿ.
ಬಯಲಲ್ಲಿದ್ದು ಕಂದಾಯ ಕಟ್ಟಿದವರು ಬೆಂದವರು.
ಚೀನೀ ದೊರೆಗಳ ಮಾತು, ಜಪಾನಿಯರು ಹಾಗೇ ಇಟ್ಟುಕೊಂಡರು.
ಈ ತಿಂಗಳು ನೀವು ಮೂರನೆಯವರು, ಎಂದಳು,
ಒಬ್ಬರು ಅತ್ತರು, ಒಬ್ಬರು ತಪ್ಪಾಗಿದೆ ಎಂದು ಜಗಳಕ್ಕೆ ನಿಂತರು.
ನಾನು ರಸೀದಿ ಕೇಳಿದೆ.

ಬಸ್ಸಿನಲ್ಲಿ ಆ ಅಕ್ಷರ ನನ್ನ ತೊಡೆಯ ಮೇಲೆ ಕೂತಿತ್ತು.
ಯಾರು ಬೇಯಿಸಿದರು? ಎಷ್ಟು ಕಾಲದ ಉರಿ, ಯಾವ ಕಟ್ಟಿಗೆ?
ಬೆಂದಿದೆಯೇ ನೋಡಲು ಒಂದಗುಳು ಸಾಕಲ್ಲ,
ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ.
ಕತ್ತಿ ಸಿಕ್ಕಿಸಿಕೊಂಡ ಪೊಲೀಸು ಬಂದಿರಬೇಕು ಬಾಗಿಲಿಗೆ,
ಹಿಂದೊಬ್ಬ ದುಭಾಷಿ, ಕೈಲಿ ಮಸಿ.
ಹನ್ನೆರಡರ ಹುಡುಗಿ ಹಂದಿಗೆ ಕಲಗಚ್ಚು ಹೊತ್ತು ನಿಂತಿದ್ದಾಳೆ.
ಅವನು ಮುಖ ನೋಡಿದನೋ, ಮಾತು ಕೇಳಿದನೋ,
ಕೆಸರಿನಲ್ಲಿ ಅಗಲವಾಗಿ ಊರಿದ ಪಾದ ನೋಡಿದನೋ.
ಅಥವಾ ಅವಳೇ ಹೇಳಿದಳೋ,
ಅತ್ತೆ ಚಿವುಟುವ ಮೊದಲೇ, ಜೋರಾಗಿ.
ಅದನ್ನು ಬರೆದುಕೊಳ್ಳುವ ಚೌಕ ಇರಲಿಲ್ಲ.

ಅಪ್ಪ ಸಾಯುವ ತನಕ ಹೇಳುತ್ತಿದ್ದ,
ನಮ್ಮದು ಕಡಲು ದಾಟಿ ಬಂದ ಮನೆ.
ಹಡಗಿನಲ್ಲಿ ಹೆಂಗಸರೆಷ್ಟಿದ್ದರು ಎಂದು ನಾನು ಕೇಳಲಿಲ್ಲ.

ಸೋದರತ್ತೆಗೆ ಎಂಬತ್ತಾರು. ಫೋನಿನಲ್ಲಿ ಕೂಗಿ ಹೇಳಿದೆ.
ಯಾರೋ ತಪ್ಪು ಬರೆದಿರುತ್ತಾರೆ, ಎಂದಳು.
ಪೊಲೀಸರಿಗೇನು ಗೊತ್ತು, ಎಂದಳು.
ಟೀವಿಯ ಸದ್ದು ಇಳಿಯಿತು.
ಆಮೇಲೆ, ಬೇರೆ ಯಾರದೋ ದನಿಯಲ್ಲಿ:
ಅಡುಗೆಮನೆ ಬಾಗಿಲ ಹಿಂದಿನ ಕೊಡ ಈಗ ಯಾರಲ್ಲಿದೆ?
ಅಜ್ಜಿ ಅದರ ಮುಂದೆ ಅಕ್ಕಿಹೆಂಡ ಚಿಮುಕಿಸುತ್ತಿದ್ದಳು.
ಉಪ್ಪಿನಕಾಯಿಯ ಕೊಡ ಅಂತ ನಿಮ್ಮಪ್ಪ ಹೇಳುತ್ತಿದ್ದ;
ಉಪ್ಪಿನಕಾಯಿಗೆ ಯಾರು ಕೈಮುಗಿಯುತ್ತಾರೆ ಹೇಳು.
ಅದು ಒಣಗಬಾರದು. ನೀರಿದೆಯಾ?

ತಮ್ಮನ ಫ್ಲಾಟಿನ ಹೊರಗೆ, ಲಿಫ್ಟಿನ ಪಕ್ಕದಲ್ಲಿದೆ ಅದು.
ಕೊಡದ ತುಂಬ ಕೊಡೆ, ಒಂದು ಬ್ಯಾಡ್ಮಿಂಟನ್ ರಾಕೆಟ್ಟೂ.
ನಾಲ್ಕು ದಿನದಿಂದ ಮಳೆ. ಒದ್ದೆ ಕೊಡೆಗಳನ್ನು
ಮಕ್ಕಳು ಬಂದವರು ಬಂದಂತೆ ತುರುಕುತ್ತಾರೆ.
ಇದೆ ಅತ್ತೆ, ಎಂದೆ.
ಎಷ್ಟಿದೆ, ಎಂದಳು.